ಇಂಗ್ಲಿಷ್ ವಾಕ್ಯದಲ್ಲಿ ವಿಶೇಷಣದ ಅನ್ವಯ: ಒಂದು ಚಾರಿತ್ರಿಕ ವಿಮರ್ಶೆ

ಪದಗಳು ಒಂದೆಡೆ ಸೇರಿದ ಮಾತ್ರಕ್ಕೆ ವಾಕ್ಯವಾಗುವುದಿಲ್ಲ. ಅವುಗಳಿಗೆ ಪರಸ್ಪರಾನ್ವಯವು ಸಿದ್ಧಿಸಿದಾಗಲೇ ವಾಕ್ಯವಾಗುತ್ತದೆ. ಈ ಅನ್ವಯಬೋಧೆಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಕಾರಣಗಳನ್ನು ಭಾರತೀಯ ಶಾಸ್ತ್ರಕಾರರು ಹೇಳಿರುವುದು ವಾಚಕರಿಗೆ ವಿದಿತವಾದುದೇ. ಇಂಗ್ಲಿಷ್ ವ್ಯಾಕರಣಗಳು ಶಾಲಾಬಾಲಕರಿಗೆ ನಿಷೇಧಿಸುವ ದೋಷಗಳಲ್ಲಿ ಎರಡು ಈ ಅನ್ವಯಕ್ಕೇ ಸಂಬಂಧಪಟ್ಟವು. ಮೊದಲನೆಯದಕ್ಕೆ ಅವರು ಮಿಸ್‌ಪ್ಲೇಸ್ಡ್ ಮಾಡಿಫೈಯರ್ ಎಂದೂ, ಎರಡನೆಯದಕ್ಕೆ ಡ್ಯಾಂಗ್ಲಿಂಗ್ ಮಾಡಿಫೈಯರ್ ಎಂದೂ ಹೆಸರಿಟ್ಟಿದ್ದಾರೆ. ಇವುಗಳನ್ನು ಕ್ರಮವಾಗಿ ಅಸ್ಥಾನಸ್ಥ ವಿಶೇಷಣ, ನಿರಾಶ್ರಯ ವಿಶೇಷಣ ಎಂದು ಕರೆಯಬಹುದು.

ಉದಾಹರಣೆಗೆ, ‘ಹಿ ಸೋಲ್ಡ್ ಎ ಹಾರ್ಸ್ ಟು ಎ ಮರ್ಚೆಂಟ್ ವಿತ್ ಎ ವೈಟ್ ಟೇಲ್’ ಎಂಬ ವಾಕ್ಯದಲ್ಲಿ ಬಿಳಿಯ ಬಾಲವು ಕುದುರೆಯನ್ನು ಬಿಟ್ಟು ವರ್ತಕನಿಗೆ ಅಂಟಿಕೊಂಡಿದೆ. ಇಲ್ಲಿ ವಿಶೇಷ್ಯವು ವಾಕ್ಯದಲ್ಲಿಯೇ ಇದೆ. ವಿಶೇಷಣವು ಮಾತ್ರ ತಪ್ಪಿದ ಸ್ಥಾನದಲ್ಲಿದೆ. ‘ವಾಕಿಂಗ್ ಟು ದಿ ಟೆಂಪಲ್, ಎ ಸ್ನೇಕ್ ಅಪಿಯರ್ಡ್ ಟು ಮಿ’ ಎಂಬಲ್ಲಿಯಾದರೋ, ದೇವಾಲಯಕ್ಕೆ ನಡೆದುಹೋಗುತ್ತಿದ್ದವನು ಯಾವನೋ ಅವನು ವಾಕ್ಯದ ಕರ್ತೃವಾಗಿಲ್ಲ. ಕರ್ತೃಸ್ಥಾನದಲ್ಲಿ ಹಾವು ಕುಳಿತಿದೆ. ಆದುದರಿಂದ ನಡೆಯುವ ಕ್ರಿಯೆಯು ಹಾವಿಗೇ ಸಲ್ಲುತ್ತದೆ. ಆಶ್ರಯವನ್ನು ಕಾಣದೆ ತೂಗಾಡುವ ಕೃದಂತವಿದು.

ಈ ದೋಷಗಳನ್ನು ತರ್ಕಶಾಸ್ತ್ರದ ಸನಾತನ ನಿಯಮದ ಉಲ್ಲಂಘನೆಗಳೆಂಬಂತೆ ಬೋಧಿಸುವುದು ವಾಡಿಕೆ. ಆದರೆ ಇಂಗ್ಲಿಷ್ ಭಾಷೆಯ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ಕಂಡುಬರುತ್ತದೆ. ಆ ಭಾಷೆಯಲ್ಲಿ ಒಂದು ಕಾಲಕ್ಕೆ ವಿಭಕ್ತಿಗಳು ಮಾಡುತ್ತಿದ್ದ ಕೆಲಸವನ್ನು, ವಿಭಕ್ತಿಗಳು ಲೋಪವಾದ ಮೇಲೆ, ಸ್ಥಾನವು ವಹಿಸಿಕೊಳ್ಳಬೇಕಾಯಿತು. ಸ್ಥಾನನಿಯಮವು ವಿಭಕ್ತಿಯ ಉತ್ತರಾಧಿಕಾರಿಯೇ ಹೊರತು ತರ್ಕದ ಸಂತಾನವಲ್ಲ. ಈ ಅಂಶವನ್ನು ಗ್ರಹಿಸಿದಲ್ಲಿ ನಿಯಮದ ಕಾಠಿನ್ಯವೂ ಅದಕ್ಕೆ ಶಿಷ್ಟರು ಕೊಟ್ಟಿರುವ ಅಪವಾದಗಳೂ ಒಟ್ಟಿಗೆ ಅರ್ಥವಾಗುತ್ತವೆ.

೧. ವಿಭಕ್ತಿಗಳಿದ್ದ ಕಾಲ

ಕ್ರಿ. ಶ. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಜಯಿಸುವುದಕ್ಕೆ ಮುಂಚೆ ಅಲ್ಲಿ ಬಳಕೆಯಲ್ಲಿದ್ದ ಪ್ರಾಚೀನ ಇಂಗ್ಲಿಷ್ ಭಾಷೆಯು ರೂಪಸಂಪತ್ತಿನಲ್ಲಿ ಇಂದಿನ ಇಂಗ್ಲಿಷಿಗಿಂತ ಸಂಸ್ಕೃತಕ್ಕೇ ಹತ್ತಿರವಾಗಿದ್ದಿತು. ನಾಮಪದಗಳಿಗೆ ಮೂರು ಲಿಂಗಗಳೂ ಪ್ರಥಮಾ, ದ್ವಿತೀಯಾ, ಷಷ್ಠೀ, ಚತುರ್ಥೀ ಎನ್ನಬಹುದಾದ ನಾಲ್ಕು ಮುಖ್ಯ ವಿಭಕ್ತಿಗಳೂ ಇದ್ದವು. ವಿಶೇಷಣವು ವಿಶೇಷ್ಯದ ಲಿಂಗ ವಚನ ವಿಭಕ್ತಿಗಳನ್ನೇ ಹೊಂದುತ್ತಿದ್ದಿತು. ವರ್ತಮಾನ ಕೃದಂತವೂ ಹಾಗೆಯೇ. ನಿದ್ರಿಸುವ ಅರ್ಥದ ಧಾತುವಿನಿಂದ ಪ್ರಥಮಾದಲ್ಲಿ ‘ಸ್ಲ್ಯಾಪೆಂದೆ’ ಎಂದೂ, ಪುಲ್ಲಿಂಗ ದ್ವಿತೀಯೈಕವಚನದಲ್ಲಿ ‘ಸ್ಲ್ಯಾಪೆಂದ್ನೆ’ ಎಂದೂ, ಚತುರ್ಥಿಯಲ್ಲಿ ‘ಸ್ಲ್ಯಾಪೆಂದುಮ್’ ಎಂದೂ ರೂಪಗಳಾಗುತ್ತಿದ್ದವು. ಹೀಗಿರುವಲ್ಲಿ ಕೃದಂತವು ವಾಕ್ಯದ ಯಾವ ಮೂಲೆಯಲ್ಲಿದ್ದರೂ ಅದರ ಒಡೆಯನಾರೆಂಬುದನ್ನು ಅಂತ್ಯಪ್ರತ್ಯಯವೇ ಸಾರುತ್ತಿದ್ದಿತು. ನಿದ್ರಿಸುತ್ತಿದ್ದವನು ಕಚ್ಚಿದವನೋ ಕಚ್ಚಿಸಿಕೊಂಡವನೋ ಎಂಬ ಸಂದೇಹಕ್ಕೆ ಅವಕಾಶವೇ ವಿರಳ.

ಸುಮಾರು ಕ್ರಿ. ಶ. ೧೦೦೦ದಲ್ಲಿ ಆಲ್ಫ್ರಿಕ್ ಎಂಬ ಕ್ರೈಸ್ತ ಸನ್ಯಾಸಿಯು ಲ್ಯಾಟಿನ್ ವ್ಯಾಕರಣವನ್ನು ದೇಶಭಾಷೆಯಲ್ಲಿ ಬರೆದನು. ಲ್ಯಾಟಿನ್ ಪದ್ಧತಿಯನ್ನು ತಮ್ಮ ಮಾತಿನಲ್ಲಿ ವಿವರಿಸುವುದು ಆ ಕಾಲದವರಿಗೆ ದುಸ್ಸಾಧ್ಯವಾಗಿ ತೋರದಿರುವುದಕ್ಕೆ ಎರಡು ಭಾಷೆಗಳಲ್ಲಿಯೂ ವಿಭಕ್ತಿಗಳು ಜೀವಂತವಾಗಿದ್ದುದೂ ಒಂದು ಕಾರಣ. ಲ್ಯಾಟಿನಿನಲ್ಲಿ ಪ್ರಧಾನವಾಕ್ಯಕ್ಕೆ ಸೇರದ ಭಿನ್ನಕರ್ತೃಕ ಕ್ರಿಯೆಯನ್ನು ಪಂಚಮೀಸದೃಶವಾದ ಒಂದು ವಿಭಕ್ತಿಯಲ್ಲಿಟ್ಟು ಹೇಳುವ ಸಂಪ್ರದಾಯವಿದೆ. ಆ ಗ್ರಂಥಗಳನ್ನು ಭಾಷಾಂತರಿಸಿದವರು ಇಂಗ್ಲಿಷಿನಲ್ಲಿ ಚತುರ್ಥಿಯನ್ನು ಬಳಸಿ ಇದನ್ನು ಅನುಕರಿಸಿದರು. ಸಂಸ್ಕೃತದ ಸತಿಸಪ್ತಮಿಯನ್ನು ಬಲ್ಲವರಿಗೆ ಈ ಪ್ರಯೋಗವು ಅಪರಿಚಿತವೆನಿಸದು.

ಇನ್ನೊಂದು ವಿಶೇಷವನ್ನೂ ಇಲ್ಲಿ ಗಮನಿಸಬೇಕು. ಪ್ರಾಚೀನ ಇಂಗ್ಲಿಷಿನಲ್ಲಿ ತೋರುವುದು, ರುಚಿಸುವುದು, ಹಸಿಯುವುದು ಮೊದಲಾದ ಅರ್ಥಗಳಲ್ಲಿ ಅನುಭವಿಸುವವನು ಕರ್ತೃವಾಗದೆ ಚತುರ್ಥಿಯಲ್ಲಿಯೋ ದ್ವಿತೀಯೆಯಲ್ಲಿಯೋ ನಿಲ್ಲುತ್ತಿದ್ದನು. ‘ನನಗೆ ತೋರುತ್ತದೆ’ ಎಂಬ ಅರ್ಥದ ‘ಮೀಥಿಂಕ್ಸ್’ ಎಂಬ ಹಳೆಯ ಮಾತು ಆ ಪದ್ಧತಿಯ ಅವಶೇಷ. ಕನ್ನಡದಲ್ಲಿ ‘ನನಗೆ ಕಾಣಿಸಿತು’, ‘ನನಗೆ ಹಸಿವಾಯಿತು’ ಎಂಬ ಪ್ರಯೋಗಗಳು ಈ ಜಾತಿಯವೇ. ಕಾಲಕ್ರಮದಲ್ಲಿ ಇಂಗ್ಲಿಷು ಇಂತಹ ಪ್ರಯೋಗಗಳನ್ನು ಬಿಟ್ಟು ಅನುಭವಿಯನ್ನೇ ಕರ್ತೃವಾಗಿ ಮಾಡಿತು. ಈ ವ್ಯತ್ಯಾಸದ ಫಲವು ಕನ್ನಡಿಗರಿಗೆ ಹೇಗೆ ತಟ್ಟುವುದೆಂಬುದನ್ನು ಲೇಖನದ ಅಂತ್ಯದಲ್ಲಿ ವಿಚಾರಿಸಲಾಗಿದೆ.

೨. ವಿಭಕ್ತಿಲೋಪ ಮತ್ತು ಸ್ಥಾನದ ಪ್ರಾಬಲ್ಯ

ಕ್ರಿ. ಶ. ೧೧೦೦ರಿಂದ ೧೫೦೦ರವರೆಗಿನ ನಾಲ್ಕು ನೂರು ವರ್ಷಗಳಲ್ಲಿ ಈ ಪ್ರತ್ಯಯವ್ಯವಸ್ಥೆಯು ಶಿಥಿಲವಾಗಿ ಬಿದ್ದುಹೋಯಿತು. ಪದದ ಮೊದಲಕ್ಷರದ ಮೇಲೆ ಒತ್ತು ಬೀಳುವ ಉಚ್ಚಾರಣೆಯಿಂದ ಅಂತ್ಯಸ್ವರಗಳು ಒಂದೇ ಬಗೆಯಾಗಿ ಕ್ರಮೇಣ ಮಾಯವಾದುವು. ಸರ್ವನಾಮಗಳಲ್ಲಿ ಕೆಲವು ರೂಪಗಳು ಮಾತ್ರ ಉಳಿದುವು. ವಿಶೇಷಣವು ಸಂಪೂರ್ಣವಾಗಿ ಅವ್ಯಯದಂತಾಯಿತು.

ಕೃದಂತಕ್ಕೆ ಬಂದ ಗತಿ ಇನ್ನೂ ವಿಚಿತ್ರವಾದುದು. ದಕ್ಷಿಣದಲ್ಲಿ ‘ಇಂದೆ’, ಮಧ್ಯದೇಶದಲ್ಲಿ ‘ಎಂದೆ’, ಉತ್ತರದಲ್ಲಿ ‘ಆಂಡ್’ ಎಂದು ಪ್ರಾಂತಭೇದದಿಂದ ಇದ್ದ ಅದರ ಪ್ರತ್ಯಯವು ಕೊನೆಗೆ ‘ಇಂಗ್’ ಎಂಬ ರೂಪಕ್ಕೆ ಬಂದಿತು. ಆದರೆ ಈ ‘ಇಂಗ್’ ಎಂಬುದು ಭಾವನಾಮಗಳ ಪ್ರತ್ಯಯವಾಗಿ ಮೊದಲೇ ಇದ್ದಿತು. ಹೀಗೆ ‘ನಡೆಯುತ್ತಿರುವ’ ಎಂಬ ಕೃದಂತಕ್ಕೂ ‘ನಡೆಯುವಿಕೆ’ ಎಂಬ ಭಾವನಾಮಕ್ಕೂ ‘ವಾಕಿಂಗ್’ ಎಂಬ ಒಂದೇ ಶಬ್ದವು ಉಳಿಯಿತು. ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯಿಲ್ಲ. ಇದು ನಾಮವೋ ವಿಶೇಷಣವೋ ಎಂಬ ಗುರುತು ಕೂಡ ಇಲ್ಲ. ಇಂತಹ ಪದವು ವಾಕ್ಯದ ತಲೆಯಲ್ಲಿ ನಿಂತರೆ ಅದನ್ನು ಯಾರಿಗೆ ಅನ್ವಯಿಸಬೇಕೆಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವು ಎರಡೇ: ಒಂದು ಅರ್ಥದ ಯೋಗ್ಯತೆ, ಇನ್ನೊಂದು ಸ್ಥಾನದ ಸನ್ನಿಧಿ.

ಮೊದಮೊದಲು ಇಂಗ್ಲಿಷ್ ಕವಿಗಳೂ ಗದ್ಯಕಾರರೂ ಯೋಗ್ಯತೆಯನ್ನೇ ನಂಬಿದರು. ಕ್ರಿ. ಶ. ೧೬೦೩ರಲ್ಲಿ ಮೊದಲು ಅಚ್ಚಾದ ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಪ್ರಥಮಾಂಕದಲ್ಲಿ ಹತನಾದ ಅರಸನ ಪ್ರೇತವು, ತಾನು ಉದ್ಯಾನದಲ್ಲಿ ನಿದ್ರಿಸುತ್ತಿರಲು ಹಾವು ಕಚ್ಚಿತೆಂಬ ಸುಳ್ಳುಸುದ್ದಿ ಹಬ್ಬಿದೆಯೆಂದು ಮಗನಿಗೆ ಹೇಳುತ್ತದೆ. ಆ ವಾಕ್ಯದಲ್ಲಿ ನಿದ್ರಾವಾಚಕವಾದ ಕೃದಂತವು ಮುಂದಿದೆ, ಕರ್ತೃಪದ ಹಾವು, ಅರಸನು ಕರ್ಮಪದವಾಗಿ ಹಿಂದಿದ್ದಾನೆ. ಇಂದಿನ ಶಾಲಾವ್ಯಾಕರಣದ ಪ್ರಕಾರ ನಿದ್ರಿಸುತ್ತಿದ್ದುದು ಹಾವೇ ಆಗಬೇಕು. ಆದರೆ ಮೂರು ಶತಮಾನಗಳಿಗೂ ಮಿಕ್ಕಿ ಆ ನಾಟಕವನ್ನು ಕೇಳಿದವರಾರೂ ಹಾಗೆಂದು ಭ್ರಮಿಸಿದುದಿಲ್ಲ. ಹಳೆಯ ಭಾಷೆಯಾಗಿದ್ದರೆ ಇಲ್ಲಿ ದ್ವಿತೀಯಾಪ್ರತ್ಯಯವೊಂದು ಅರಸನಿಗೂ ನಿದ್ರೆಗೂ ಗಂಟುಹಾಕುತ್ತಿದ್ದಿತು. ಗಂಟು ಹೋಗಿದ್ದರೂ ಅದು ಇದೆಯೆಂಬಂತೆಯೇ ಬರೆಯುವ ಅಭ್ಯಾಸವು ಉಳಿದಿದ್ದಿತೆಂಬುದಕ್ಕೆ ಇದು ನಿದರ್ಶನ.

೩. ಲ್ಯಾಟಿನ್ ವ್ಯಾಕರಣದ ನೆರಳು

ಕ್ರಿ. ಶ. ೧೫೮೬ರಲ್ಲಿ ವಿಲಿಯಂ ಬುಲ್ಲೋಕರ್ ಎಂಬವನು ಪ್ರಕಟಿಸಿದ ಸಣ್ಣ ಪುಸ್ತಕವೇ ಇಂಗ್ಲಿಷ್ ಭಾಷೆಯ ಮೊದಲ ಮುದ್ರಿತ ವ್ಯಾಕರಣ. ಅವನೂ ಅವನ ಅನಂತರದವರೂ ಲ್ಯಾಟಿನ್ ಅಚ್ಚಿನಲ್ಲಿಯೇ ಇಂಗ್ಲಿಷನ್ನು ಎರಕಹೊಯ್ಯಲು ಯತ್ನಿಸಿದರು. ೧೬೫೩ರಲ್ಲಿ ಗಣಿತಜ್ಞನಾದ ಜಾನ್ ವಾಲಿಸನು ಇಂಗ್ಲಿಷ್ ವ್ಯಾಕರಣವನ್ನು ಲ್ಯಾಟಿನಿನಲ್ಲಿ ಬರೆದರೂ, ಈ ಭಾಷೆಗೆ ಇಲ್ಲದ ವಿಭಕ್ತಿಗಳನ್ನು ಹೊರಿಸುವುದು ಸಲ್ಲದೆಂದು ಎಚ್ಚರಿಸಿದನು. ಆದರೆ ವಿಭಕ್ತಿಗಳಿಲ್ಲದಾಗ ಅನ್ವಯವನ್ನು ಕಾಯುವುದು ಯಾವುದೆಂಬ ಪ್ರಶ್ನೆಗೆ ಸಮಗ್ರವಾದ ಉತ್ತರವು ಹದಿನೆಂಟನೆಯ ಶತಮಾನದವರೆಗೆ ಬರಲಿಲ್ಲ.

೧೭೬೨ರಲ್ಲಿ ಎರಡು ಗ್ರಂಥಗಳು ಹೊರಬಂದುವು. ಒಂದು ರಾಬರ್ಟ್ ಲೌತನ ವ್ಯಾಕರಣ. ಆತನು ಆಕ್ಸ್‌ಫರ್ಡಿನಲ್ಲಿ ಕಾವ್ಯಾಚಾರ್ಯನಾಗಿದ್ದು, ಹೀಬ್ರೂ ಕಾವ್ಯದ ಮೇಲೆ ಉಪನ್ಯಾಸಗಳನ್ನು ಕೊಟ್ಟು, ಕೊನೆಗೆ ಲಂಡನ್ನಿನ ಬಿಷಪ್ಪನಾದ ವಿದ್ವಾಂಸ. ಕ್ರಿಯಾವಿಶೇಷಣವು ತಾನು ವಿಶೇಷಿಸುವ ಪದದ ಸಮೀಪದಲ್ಲಿರತಕ್ಕುದೆಂದೂ, ಅದರ ಶಕ್ತಿಯು ಸ್ಥಾನಾಧೀನವೆಂದೂ ಅವನು ಸೂತ್ರೀಕರಿಸಿದನು. ಮತ್ತೊಂದು, ಸ್ಕಾಟ್ಲೆಂಡಿನ ನ್ಯಾಯಾಧೀಶನಾಗಿದ್ದ ಕೇಮ್ಸ್ ಪ್ರಭುವಿನ ಸಾಹಿತ್ಯವಿಮರ್ಶಾಗ್ರಂಥ. ಭಾವನೆಯಲ್ಲಿ ಸೇರಿದ ವಸ್ತುಗಳು ವಾಕ್ಯದಲ್ಲಿಯೂ ಸೇರಿರಬೇಕೆಂಬುದು ಅದರಲ್ಲಿ ಪ್ರತಿಪಾದಿತವಾದ ತತ್ತ್ವ. ೧೭೭೬ರಲ್ಲಿ ಅಬರ್ಡೀನಿನ ಜಾರ್ಜ್ ಕ್ಯಾಂಬೆಲ್ಲನು ತನ್ನ ಅಲಂಕಾರಶಾಸ್ತ್ರದಲ್ಲಿ ಹಿಂದೆಮುಂದೆ ಎರಡು ಕಡೆಗೂ ಅನ್ವಯಿಸಬಹುದಾದ ಪದವಿರುವ ವಾಕ್ಯಕ್ಕೆ, ಫ್ರೆಂಚರಿಂದ ಎರವು ತಂದು, ಓರೆಗಣ್ಣಿನ ವಾಕ್ಯವೆಂಬ ಸರಸವಾದ ಹೆಸರನ್ನು ಬಳಕೆಗೆ ತಂದನು. ೧೭೮೩ರಲ್ಲಿ ಎಡಿನ್‌ಬರೋದ ಹ್ಯೂ ಬ್ಲೇರನ ಉಪನ್ಯಾಸಗಳು ಪ್ರಕಟವಾದುವು. ಸಂದಿಗ್ಧತೆಗೆ ಪದಗಳ ಆಯ್ಕೆ, ಪದಗಳ ಜೋಡಣೆ ಎಂಬ ಎರಡು ಮೂಲಗಳೆಂದು ವಿಂಗಡಿಸಿ, ‘ಓನ್ಲಿ’ ಮುಂತಾದ ಅಲೆಮಾರಿ ಪದಗಳ ವಿಷಯದಲ್ಲಿ ಅವನು ವಿಶೇಷವಾಗಿ ಎಚ್ಚರಿಸಿದನು.

‘ಓನ್ಲಿ’ ಎಂಬ ಪದದ ಸ್ವಭಾವವನ್ನು ಕನ್ನಡದೊಂದಿಗೆ ಹೋಲಿಸಿದರೆ ಸಂಗತಿ ಸ್ಫುಟವಾಗುತ್ತದೆ. ‘ನಾನೇ ನಿನ್ನೆ ಅರಸನನ್ನು ನೋಡಿದೆನು’, ‘ನಾನು ನಿನ್ನೆಯೇ ಅರಸನನ್ನು ನೋಡಿದೆನು’, ‘ನಾನು ನಿನ್ನೆ ಅರಸನನ್ನೇ ನೋಡಿದೆನು’ ಎಂಬಲ್ಲಿ ಅವಧಾರಣಾರ್ಥಕವಾದ ಏಕಾರವು ತನ್ನ ಪದಕ್ಕೆ ಹತ್ತಿಕೊಂಡೇ ಇರುವುದರಿಂದ ತಪ್ಪಿಹೋಗಲು ಆಸ್ಪದವಿಲ್ಲ. ಇಂಗ್ಲಿಷಿನ ‘ಓನ್ಲಿ’ ಪ್ರತ್ಯಯವಲ್ಲ, ಸ್ವತಂತ್ರ ಪದ. ಮಾತನಾಡುವಾಗ ಧ್ವನಿಯ ಏರಿಳಿತವು ಅದರ ಅನ್ವಯವನ್ನು ಸೂಚಿಸುತ್ತದೆ; ಬರಹದಲ್ಲಿ ಆ ಸಹಾಯವೂ ಇಲ್ಲದೆ ಸ್ಥಾನವೊಂದೇ ಗತಿಯಾಗುತ್ತದೆ.

ಕೇಮ್ಸ್, ಕ್ಯಾಂಬೆಲ್, ಬ್ಲೇರ್ ಈ ಮೂವರೂ ಸ್ಕಾಟ್ಲೆಂಡಿನವರೆಂಬುದು ಉಪೇಕ್ಷಣೀಯವಲ್ಲ. ಲಂಡನ್ನಿನ ಶಿಷ್ಟ ಇಂಗ್ಲಿಷು ಅವರ ಮನೆಮಾತಾಗಿರದೆ ಕಲಿತ ಮಾತಾಗಿದ್ದಿತು. ಮನೆಮಾತಿನವನು ಕಿವಿಯಿಂದ ತಿಳಿಯುವುದನ್ನು ಕಲಿತವನು ನಿಯಮದಿಂದ ತಿಳಿಯಬೇಕು. ಸ್ಥಾನನಿಯಮದ ವಿಷಯದಲ್ಲಿ ಅವರು ತೋರಿದ ಸೂಕ್ಷ್ಮತೆಗೆ ಇದೂ ಒಂದು ಕಾರಣವೆಂದು ಊಹಿಸಲು ಅವಕಾಶವಿದೆ.

ಈ ವಿದ್ವಾಂಸರ ವಿಚಾರಗಳನ್ನು ಶಾಲೆಗಳಿಗೆ ಇಳಿಸಿದವನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದು, ೧೭೮೪ರಲ್ಲಿ ಇಂಗ್ಲೆಂಡಿಗೆ ಬಂದು ಯಾರ್ಕ್ ಪಟ್ಟಣದ ಬಳಿ ನೆಲಸಿದ ಇವನು, ಅಲ್ಲಿಯ ಬಾಲಿಕಾ ಪಾಠಶಾಲೆಯೊಂದರ ಉಪಯೋಗಕ್ಕಾಗಿ ೧೭೯೫ರಲ್ಲಿ ವ್ಯಾಕರಣವನ್ನೂ ೧೭೯೭ರಲ್ಲಿ ಅಭ್ಯಾಸಪುಸ್ತಕವನ್ನೂ ಪ್ರಕಟಿಸಿದನು. ತಪ್ಪು ವಾಕ್ಯಗಳನ್ನು ಕೊಟ್ಟು ಅವುಗಳನ್ನು ತಿದ್ದೆಂದು ಆಜ್ಞಾಪಿಸುವ ಪದ್ಧತಿಯನ್ನು ಈ ಪುಸ್ತಕಗಳು ಸರ್ವತ್ರ ಹರಡಿದುವು. ಭಾರತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆ. ಸಿ. ನೆಸ್‌ಫೀಲ್ಡನ ವ್ಯಾಕರಣಗಳೂ, ೧೯೩೦ರ ದಶಕದಿಂದ ರೆನ್ ಮತ್ತು ಮಾರ್ಟಿನ್ ಎಂಬವರ ವ್ಯಾಕರಣವೂ ಇದೇ ಪದ್ಧತಿಯನ್ನು ಕನ್ನಡ ಸೀಮೆಯ ಶಾಲೆಗಳವರೆಗೂ ತಂದುವು.

೪. ಕೃದಂತದ ಕಾವಲು

ಹದಿನೆಂಟನೆಯ ಶತಮಾನದವರ ಗಮನವು ಹೆಚ್ಚಾಗಿ ಕ್ರಿಯಾವಿಶೇಷಣಗಳ ಮೇಲೂ ಸಂಬಂಧಾರ್ಥಕ ಸರ್ವನಾಮಗಳ ಮೇಲೂ ಇದ್ದಿತು. ಕೃದಂತದ ಆಶ್ರಯವನ್ನು ಕುರಿತ ನಿಯಮವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈಗಿನ ಕಠಿನರೂಪವನ್ನು ತಾಳಿತು. ೧೯೦೬ರಲ್ಲಿ ಫೌಲರ್ ಸಹೋದರರು ತಮ್ಮ ಗ್ರಂಥದಲ್ಲಿ ಆಶ್ರಯವಿಲ್ಲದ ಕೃದಂತಗಳನ್ನು ಪ್ರತ್ಯೇಕವಾಗಿ ವಿಚಾರಿಸಿದರು. ೧೯೧೮ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಂ ಸ್ಟ್ರಂಕನು ತನ್ನ ವಿದ್ಯಾರ್ಥಿಗಳಿಗಾಗಿ ಅಚ್ಚುಹಾಕಿಸಿದ ಕಿರುಪುಸ್ತಕದಲ್ಲಿ, ವಾಕ್ಯಾರಂಭದ ಕೃದಂತಪದಸಮುಚ್ಚಯವು ವ್ಯಾಕರಣರೀತ್ಯಾ ಕರ್ತೃವಾದ ಪದಕ್ಕೇ ಅನ್ವಯಿಸತಕ್ಕುದೆಂದು ವಿಧಿಸಿದನು. ೧೯೫೯ರಲ್ಲಿ ಇ. ಬಿ. ವೈಟನು ಪರಿಷ್ಕರಿಸಿದ ಮೇಲೆ ಆ ಪುಸ್ತಕವು ಲಕ್ಷಗಟ್ಟಲೆ ಪ್ರತಿಗಳಲ್ಲಿ ಹರಡಿತು.

ಆದರೆ ಈ ನಿಯಮಕಾರರೇ ಒಂದು ತೊಡಕನ್ನು ಎದುರಿಸಬೇಕಾಯಿತು. ಇಂಗ್ಲಿಷಿನಲ್ಲಿ ನಿತ್ಯವೂ ಬಳಕೆಯಾಗುವ ಎಷ್ಟೋ ಸಂಬಂಧಸೂಚಕ ಅವ್ಯಯಗಳು ಮೂಲತಃ ಆಶ್ರಯ ತಪ್ಪಿದ ಕೃದಂತಗಳೇ. ಕಾಲಾವಧಿಯನ್ನು ಹೇಳುವ ‘ಡ್ಯೂರಿಂಗ್’ ಎಂಬುದು ಲ್ಯಾಟಿನಿನಿಂದ ಫ್ರೆಂಚಿನ ಮೂಲಕ ಬಂದ ‘ಬಾಳುತ್ತಿರಲು’ ಎಂಬರ್ಥದ ಕೃದಂತ. ‘ಯುದ್ಧವು ನಡೆಯುತ್ತಿರಲು’ ಎಂಬ ಭಿನ್ನಕರ್ತೃಕ ಪ್ರಯೋಗವು ಕಾಲಕ್ರಮದಲ್ಲಿ ‘ಯುದ್ಧಕಾಲದಲ್ಲಿ’ ಎಂಬುದಾಗಿ ಮಾರ್ಪಟ್ಟಿತು. ‘ಕನ್ಸರ್ನಿಂಗ್’, ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬುವುಗಳೂ ಹೀಗೆಯೇ ಕೃದಂತದ ಕುಲವನ್ನು ಬಿಟ್ಟು ಅವ್ಯಯದ ಕುಲವನ್ನು ಸೇರಿದುವು. ೧೯೨೬ರಲ್ಲಿ ಎಚ್. ಡಬ್ಲ್ಯು. ಫೌಲರನು ತನ್ನ ಪ್ರಯೋಗಕೋಶದಲ್ಲಿ ಇಂತಹ ಪದಗಳಿಗೆ ರೂಢಿಬಲದಿಂದ ಅನುಮತಿಯನ್ನು ಕೊಟ್ಟು, ಆ ಮಟ್ಟಕ್ಕೆ ಬಾರದವುಗಳನ್ನು ಮಾತ್ರ ನಿರಾಕರಿಸಿದನು. ‘ಓನ್ಲಿ’ ಎಂಬುದರ ವಿಷಯದಲ್ಲಿಯೂ, ಅರ್ಥಕ್ಕೆ ಬಾಧಕವಿಲ್ಲದಿರುವಾಗ ಅದನ್ನು ರೂಢಿಯ ಸ್ಥಾನದಿಂದ ಕದಲಿಸುವುದು ವೃಥಾಪಾಂಡಿತ್ಯವೆಂದೇ ಅವನ ಮತ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಹೋಪ್‌ಫುಲಿ’ ಎಂಬ ಪದವನ್ನು ಇಡೀ ವಾಕ್ಯಕ್ಕೆ ವಿಶೇಷಣವಾಗಿ ಬಳಸಬಹುದೇ ಎಂಬ ದೊಡ್ಡ ವಿವಾದವು ನಡೆದು, ೨೦೧೨ರಲ್ಲಿ ಅಸೋಸಿಯೇಟೆಡ್ ಪ್ರೆಸ್ಸಿನ ಬರಹಪದ್ಧತಿಯು ಅದನ್ನು ಅಂಗೀಕರಿಸಿತು. ನಿನ್ನೆಯ ದೋಷವು ಇಂದಿನ ಸಾಧುಪ್ರಯೋಗವಾಗುವ ಕ್ರಮವಿದು.

ಅರ್ವಾಚೀನ ವೈಯಾಕರಣರ ದೃಷ್ಟಿಯೂ ಇದಕ್ಕೆ ಅನುಗುಣವಾಗಿದೆ. ೧೯೮೫ರಲ್ಲಿ ರ್‍ಯಾಂಡಲ್ಫ್ ಕ್ವರ್ಕ್ ಮೊದಲಾದವರು ರಚಿಸಿದ ಬೃಹದ್ವ್ಯಾಕರಣವು ಕರ್ತೃವಿಲ್ಲದ ಉಪವಾಕ್ಯವು ಪ್ರಧಾನವಾಕ್ಯದ ಕರ್ತೃವಿಗೆ ಸೇರುತ್ತದೆಂಬುದನ್ನು ಆಶ್ರಯನಿಯಮವೆಂದು ನಿರೂಪಿಸಿ, ಅದರ ಉಲ್ಲಂಘನೆಗಳಲ್ಲಿ ಸಹ್ಯವಾದುವನ್ನೂ ಅಸಹ್ಯವಾದುವನ್ನೂ ವಿವೇಚಿಸುತ್ತದೆ. ೨೦೦೨ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಎಂಬವರು ಪ್ರಕಟಿಸಿದ ಕೇಂಬ್ರಿಜ್ ವ್ಯಾಕರಣವೂ ಈ ವಿಷಯದಲ್ಲಿ ಗ್ರಾಹ್ಯತೆಯ ತಾರತಮ್ಯವನ್ನು ಒಪ್ಪುತ್ತದೆ.

೫. ನ್ಯಾಯಸ್ಥಾನದಲ್ಲಿ ವಿಶೇಷಣ

ಇಷ್ಟರಿಂದ ಈ ನಿಯಮವು ಪಂಡಿತರ ವಿನೋದಮಾತ್ರವೆಂದು ಭಾವಿಸಬಾರದು. ಕಾವ್ಯದಲ್ಲಿ ಯೋಗ್ಯತೆಯು ಅನ್ವಯವನ್ನು ಕಾಪಾಡುತ್ತದೆ; ಹಾವು ನಿದ್ರಿಸುತ್ತಿರಲಿಲ್ಲವೆಂದು ಎಲ್ಲರಿಗೂ ಗೊತ್ತು. ಶಾಸನದ ವಾಕ್ಯದಲ್ಲಾದರೋ ಎರಡು ಅರ್ಥಗಳೂ ಯೋಗ್ಯವೇ ಆಗಿರುವ ಸಂದರ್ಭಗಳುಂಟು. ಆಗ ಸ್ಥಾನವೊಂದೇ ನಿರ್ಣಾಯಕವಾಗಿ, ಅದೂ ಸಂದಿಗ್ಧವಾದಲ್ಲಿ ಮನುಷ್ಯನ ಪ್ರಾಣವೇ ತೂಗಾಡುತ್ತದೆ.

ಇದಕ್ಕೆ ಪ್ರಸಿದ್ಧ ದೃಷ್ಟಾಂತವು ಸರ್ ರಾಜರ್ ಕೇಸ್‌ಮೆಂಟನ ವಿಚಾರಣೆ. ಬ್ರಿಟಿಷ್ ಸರ್ಕಾರದ ರಾಯಭಾರಿವರ್ಗದಲ್ಲಿದ್ದುಕೊಂಡು ಆಫ್ರಿಕದ ಕಾಂಗೋ ದೇಶದಲ್ಲಿಯೂ ದಕ್ಷಿಣ ಅಮೆರಿಕದ ಪುಟುಮಾಯೊ ಪ್ರದೇಶದಲ್ಲಿಯೂ ರಬ್ಬರು ವ್ಯಾಪಾರಿಗಳು ನಡೆಸುತ್ತಿದ್ದ ಕ್ರೌರ್ಯವನ್ನು ಬಯಲಿಗೆಳೆದು ೧೯೧೧ರಲ್ಲಿ ಸರ್ ಪದವಿಯನ್ನು ಪಡೆದ ಈತನು, ಐರ್ಲೆಂಡಿನ ಸ್ವಾತಂತ್ರ್ಯಪಕ್ಷವನ್ನು ಹಿಡಿದು, ಮಹಾಯುದ್ಧವು ಆರಂಭವಾದ ೧೯೧೪ರಲ್ಲಿ ಜರ್ಮನಿಗೆ ಹೋದನು. ಅಲ್ಲಿ ಸೆರೆಯಾಗಿದ್ದ ಐರಿಷ್ ಸೈನಿಕರನ್ನು ಬ್ರಿಟಿಷರ ವಿರುದ್ಧವಾಗಿ ಕೂಡಿಸಲು ಯತ್ನಿಸಿ, ೧೯೧೬ನೆಯ ಏಪ್ರಿಲ್ ೨೧ರಂದು ಜರ್ಮನ್ ಜಲಾಂತರ್ಗಾಮಿಯಿಂದ ಐರ್ಲೆಂಡಿನ ಕೆರಿ ತೀರದಲ್ಲಿಳಿದು ಸೆರೆಸಿಕ್ಕಿದನು. ಆತನ ಮೇಲೆ ರಾಜದ್ರೋಹದ ಆರೋಪವನ್ನು ಹೊರಿಸಿದುದು ಮೂರನೆಯ ಎಡ್ವರ್ಡ್ ದೊರೆಯ ಕಾಲದ, ಕ್ರಿ. ಶ. ೧೩೫೧ರ ಶಾಸನದ ಪ್ರಕಾರ.

ಆ ಶಾಸನವು ನಾರ್ಮನ್ ಫ್ರೆಂಚಿನಲ್ಲಿದ್ದಿತು. ಆ ಭಾಷೆಯಲ್ಲಿಯೂ ವಿಭಕ್ತಿಗಳು ಬಹುಮಟ್ಟಿಗೆ ಲೋಪವಾಗಿದ್ದುವು. ಸಂಬಂಧಪಟ್ಟ ಭಾಗದ ಪದಕ್ರಮ ಹೀಗಿದೆ: ಮೊದಲು, ರಾಜ್ಯದೊಳಗೆ ದೊರೆಯ ಶತ್ರುಗಳ ಪಕ್ಷವನ್ನು ವಹಿಸುವುದು, ಬಳಿಕ ಕೃದಂತರೂಪದಲ್ಲಿ, ಅವರಿಗೆ ರಾಜ್ಯದೊಳಗೆ ನೆರವು ಆಸರೆಗಳನ್ನು ಕೊಡುತ್ತ ಎಂಬುದು, ಎಲ್ಲಕ್ಕೂ ಕೊನೆಗೆ, ಅಥವಾ ಅನ್ಯತ್ರ ಎಂಬ ಮಾತು. ಈ ‘ಅಥವಾ ಅನ್ಯತ್ರ’ ಎಂಬುದು ಯಾವುದಕ್ಕೆ ವಿಶೇಷಣ? ಹತ್ತಿರದಲ್ಲಿರುವ ‘ನೆರವು ಕೊಡುತ್ತ’ ಎಂಬುದಕ್ಕೆ ಮಾತ್ರವೇ ಆದರೆ, ಅಪರಾಧಿಯು ರಾಜ್ಯದೊಳಗೆ ಇದ್ದೇ ಶತ್ರುಪಕ್ಷವನ್ನು ವಹಿಸಿರಬೇಕು. ಜರ್ಮನಿಯಲ್ಲಿ ಮಾಡಿದ ಕಾರ್ಯಕ್ಕೆ ಈ ಶಾಸನವು ತಟ್ಟದು. ಪ್ರತಿವಾದಿಯ ವಕೀಲನಾದ ಸಾರ್ಜೆಂಟ್ ಸಲ್ಲಿವನ್ನನ ವಾದವಿದು. ಕೃದಂತಭಾಗವು ನಡುವೆ ಬಂದ ವಿವರಣೆಮಾತ್ರವೆಂದೂ, ‘ಅನ್ಯತ್ರ’ ಎಂಬುದು ಅದನ್ನು ದಾಟಿ ಪಕ್ಷವಹಿಸುವ ಕ್ರಿಯೆಗೂ ಅನ್ವಯಿಸುವುದೆಂದೂ ಸರ್ಕಾರದವರ ವಾದ. ಒಂದು ಸನ್ನಿಧಿಯನ್ನು ಆಶ್ರಯಿಸಿತು, ಇನ್ನೊಂದು ದೂರಾನ್ವಯವನ್ನು.

ಅಲ್ಪವಿರಾಮಗಳಿಲ್ಲದೆ ಬರೆಯುತ್ತಿದ್ದ ಕಾಲದ ಶಾಸನವಾದುದರಿಂದ ಮೂಲದ ಸುರುಳಿಗಳಲ್ಲಿ ವಿಚ್ಛೇದಸೂಚಕ ಗುರುತುಗಳೇನಾದರೂ ಇವೆಯೇ ಎಂದು ನ್ಯಾಯಾಧೀಶರೇ ದಫ್ತರಖಾನೆಗೆ ಹೋಗಿ ನೋಡಿದರು. ಕೋಕ್ ಮೊದಲಾದ ಪೂರ್ವಾಚಾರ್ಯರ ವ್ಯಾಖ್ಯಾನವನ್ನೂ ಆಧಾರವಾಗಿಟ್ಟುಕೊಂಡು ಸರ್ಕಾರದ ಪಕ್ಷವನ್ನೇ ಎತ್ತಿಹಿಡಿದರು. ಜೂನ್ ೨೯ರಂದು ಮರಣದಂಡನೆಯ ತೀರ್ಪಾಯಿತು. ಜುಲೈ ೧೮ರಂದು ಮೇಲ್ಮನವಿಯು ವಜಾ ಆಯಿತು. ೧೯೧೬ನೆಯ ಆಗಸ್ಟ್ ೩ರಂದು ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆಯಲ್ಲಿ ಕೇಸ್‌ಮೆಂಟನನ್ನು ಗಲ್ಲಿಗೇರಿಸಿದರು. ಅಲ್ಪವಿರಾಮವೇ ಅವನನ್ನು ಗಲ್ಲಿಗೇರಿಸಿತೆಂಬ ಮಾತು ಅಂದಿನಿಂದ ಪ್ರಚಾರದಲ್ಲಿದೆ. ವಸ್ತುತಃ ಅವನನ್ನು ಗಲ್ಲಿಗೇರಿಸಿದುದು ಅಲ್ಪವಿರಾಮವಲ್ಲ, ವಿಶೇಷಣದ ಅನ್ವಯ.

ಶಾಸನಕರ್ತರು ಈ ಅಪಾಯವನ್ನು ಅರಿಯದವರೇನಲ್ಲ. ಮೆಕಾಲೆಯ ನೇತೃತ್ವದಲ್ಲಿ ೧೮೩೭ರಲ್ಲಿ ಸಿದ್ಧವಾದ ಭಾರತೀಯ ದಂಡಸಂಹಿತೆಯ ಕರಡಿನಲ್ಲಿ, ಸೂತ್ರದ ಮಾತಿಗೆ ಎರಡರ್ಥ ಬಾರದಂತೆ ಕಲಮುಗಳ ಕೆಳಗೆ ದೃಷ್ಟಾಂತಗಳನ್ನು ಜೋಡಿಸಿದರು. ೧೮೬೦ರಲ್ಲಿ ಶಾಸನವಾಗಿ ೨೦೨೪ನೆಯ ಜುಲೈ ೧ರವರೆಗೆ ಜಾರಿಯಲ್ಲಿದ್ದ ಆ ಸಂಹಿತೆಯಲ್ಲಿ ಸೂತ್ರಕ್ಕೆ ಉದಾಹರಣೆಯೇ ವೃತ್ತಿಯಾಗಿದ್ದಿತು. ಆದರೂ ತೊಡಕು ತೀರಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೧೬ರಲ್ಲಿ ತೀರ್ಮಾನಿಸಿದ ಒಂದು ಮೊಕದ್ದಮೆಯಲ್ಲಿ, ಮೂರು ಅಪರಾಧಗಳ ಪಟ್ಟಿಯ ಕೊನೆಯಲ್ಲಿದ್ದ ಕೃದಂತವಿಶೇಷಣವು ಮೂರಕ್ಕೂ ಅನ್ವಯಿಸುವುದೋ ಕೊನೆಯದೊಂದಕ್ಕೇ ಅನ್ವಯಿಸುವುದೋ ಎಂಬುದರ ಮೇಲೆ, ಅಪರಾಧಿಗೆ ಹತ್ತು ವರ್ಷಗಳ ಕನಿಷ್ಠ ಶಿಕ್ಷೆಯು ಸಲ್ಲುವುದೇ ಎಂಬುದು ನಿಂತಿದ್ದಿತು. ಆರು ಮಂದಿ ನ್ಯಾಯಾಧೀಶರು ಕೊನೆಯದೊಂದಕ್ಕೇ ಎಂದರು. ಇಬ್ಬರು ಮೂರಕ್ಕೂ ಎಂದರು. ಐದು ವರ್ಷಗಳ ಬಳಿಕ, ೨೦೨೧ರಲ್ಲಿ, ಫೇಸ್‌ಬುಕ್ ಸಂಸ್ಥೆಯು ಪಕ್ಷಕಾರನಾಗಿದ್ದ ದೂರವಾಣಿ ಶಾಸನದ ಮೊಕದ್ದಮೆಯಲ್ಲಿ, ಎರಡು ಕ್ರಿಯಾಪದಗಳ ಅನಂತರ ಬಂದ ‘ಯೂಸಿಂಗ್’ ಎಂಬ ಕೃದಂತವು ಎರಡಕ್ಕೂ ಅನ್ವಯಿಸುವುದೆಂದು ಅದೇ ನ್ಯಾಯಾಲಯವು ಏಕಮತದಿಂದ ನಿರ್ಣಯಿಸಿತು. ಎರಡು ತೀರ್ಪುಗಳಿಗೂ ಪ್ರಕರಣಭೇದದಿಂದ ಸಮರ್ಥನೆಯುಂಟು. ಆದರೆ ಎರಡೂ ಸೇರಿ ಸ್ಥಾನವೊಂದರಿ೦ದಲೇ ಅನ್ವಯವು ಸಿದ್ಧಿಸದೆಂಬುದನ್ನು ಸಾರುತ್ತವೆ.

೬. ಪಾಣಿನೀಯದೊಂದಿಗೆ ತುಲನೆ, ಕನ್ನಡಿಗರ ವಿಷಯ

ಇಂಗ್ಲಿಷಿನವರು ಬಹುಕಾಲದ ಮೇಲೆ ಸೂತ್ರೀಕರಿಸಿದ ಆಶ್ರಯನಿಯಮಕ್ಕೆ ಸಮಾನವಾದುದನ್ನು ಪಾಣಿನಿಯು ಅಷ್ಟಾಧ್ಯಾಯಿಯ ತೃತೀಯಾಧ್ಯಾಯದ ಚತುರ್ಥಪಾದದಲ್ಲಿ, ಇಪ್ಪತ್ತೊಂದನೆಯ ಸೂತ್ರದಲ್ಲಿಯೇ ವಿಧಿಸಿದ್ದಾನೆ. ಎರಡು ಕ್ರಿಯೆಗಳಿಗೆ ಕರ್ತೃವೊಬ್ಬನೇ ಆಗಿರುವಾಗ ಪೂರ್ವಕಾಲದ ಕ್ರಿಯೆಗೆ ಕ್ತ್ವಾಪ್ರತ್ಯಯವೆಂಬುದು ಅದರ ತಾತ್ಪರ್ಯ. ಕರ್ತೃಭೇದವಿದ್ದಲ್ಲಿ ಸತಿಸಪ್ತಮಿಯು ಬರುತ್ತದೆ. ಆದರೆ ಭೇದವೊಂದುಂಟು. ಪಾಣಿನಿಯು ಹೇಳುವುದು ಕರ್ತೃವಿನ ಐಕ್ಯವನ್ನು, ಪ್ರಥಮಾವಿಭಕ್ತಿಯನ್ನಲ್ಲ. ಕರ್ಮಣಿಪ್ರಯೋಗದಲ್ಲಿ ಕರ್ತೃವು ತೃತೀಯೆಯಲ್ಲಿದ್ದರೂ ಕ್ತ್ವಾಂತವು ಅವನಿಗೇ ಸೇರುತ್ತದೆ. ಆದುದರಿಂದ ‘ಊರಿಗೆ ಹೋಗಿ ಅವನಿಂದ ಪುಸ್ತಕವು ಓದಲ್ಪಟ್ಟಿತು’ ಎಂಬರ್ಥದ ಸಂಸ್ಕೃತ ವಾಕ್ಯವು ಶುದ್ಧ. ಅದನ್ನೇ ಇಂಗ್ಲಿಷಿನಲ್ಲಿ ಕರ್ಮಣಿಯಲ್ಲಿಟ್ಟು ಹೇಳಿದರೆ ಪುಸ್ತಕವೇ ಊರಿಗೆ ಹೋದಂತಾಗುತ್ತದೆ. ಸಂಸ್ಕೃತದಲ್ಲಿ ಕಾರಕವನ್ನು ವಿಭಕ್ತಿಯು ಕಾಯುವುದರಿಂದ ಈ ಸ್ವಾತಂತ್ರ್ಯ. ಇಂಗ್ಲಿಷಿನಲ್ಲಿ ಕರ್ತೃಸ್ಥಾನವೊಂದೇ ಗುರುತಾದುದರಿಂದ ಆ ನಿರ್ಬಂಧ.

ಕನ್ನಡದ ಮಾರ್ಗವು ಮತ್ತೂ ಬೇರೆ. ‘ಮಲಗಿದ್ದ’ ಎಂಬ ಕೃದಂತಕ್ಕೆ ವಿಭಕ್ತಿಯಿಲ್ಲವಾದರೂ ಅದು ಯಾವಾಗಲೂ ತನ್ನ ವಿಶೇಷ್ಯದ ಹಿಂದೆಯೇ ನಿಲ್ಲುವುದರಿಂದ ‘ಮಲಗಿದ್ದ ನನ್ನನ್ನು ಹಾವು ಕಚ್ಚಿತು’ ಎಂಬಲ್ಲಿ ಸಂದೇಹವಿಲ್ಲ. ಷಷ್ಠಿಯು ನಡುವೆ ಬಂದಾಗ ಮಾತ್ರ, ‘ಹೊಸ ಪುಸ್ತಕದ ಅಂಗಡಿ’ ಎಂಬಂತೆ, ಹೊಸದು ಪುಸ್ತಕವೋ ಅಂಗಡಿಯೋ ಎಂದು ಕೇಳಬೇಕಾಗುತ್ತದೆ. ಅಲ್ಲದೆ ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃಗಳು ಬೇರೆಯಾದರೂ ಕಾರ್ಯಕಾರಣಭಾವದ ಬಲದಿಂದ ಕನ್ನಡವು ‘ಬಂದು’ ಎಂಬುದನ್ನು ಸಹಿಸುತ್ತದೆ.

ಕನ್ನಡಿಗನು ಇಂಗ್ಲಿಷನ್ನು ಬರೆಯುವಾಗ ಎಡವುವುದು ಮುಖ್ಯವಾಗಿ ಚತುರ್ಥಿಯಲ್ಲಿ. ‘ದೇವಾಲಯಕ್ಕೆ ಹೋಗುತ್ತಿರುವಾಗ ನನಗೆ ಹಾವು ಕಾಣಿಸಿತು’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯವನ್ನು ಪದಶಃ ಇಂಗ್ಲಿಷಿಗೆ ತಿರುಗಿಸಿದರೆ ಮೊದಲು ಹೇಳಿದ ನಡೆಯುವ ಹಾವು ಹುಟ್ಟುತ್ತದೆ. ಕನ್ನಡದಲ್ಲಿ ಅನುಭವಿಯು ಚತುರ್ಥಿಯಲ್ಲಿದ್ದುಕೊಂಡೇ ಹೋಗುವ ಕ್ರಿಯೆಗೆ ಒಡೆಯನಾಗಿದ್ದಾನೆ. ಪ್ರಾಚೀನ ಇಂಗ್ಲಿಷಿನಲ್ಲಿಯೂ ಹಾಗೆ ಆಗಬಹುದಾಗಿದ್ದಿತು. ಇಂದಿನ ಇಂಗ್ಲಿಷಿನಲ್ಲಿ ಅವನನ್ನು ಕರ್ತೃಸ್ಥಾನಕ್ಕೆ ಏರಿಸಿದಲ್ಲದೆ ಒಡೆತನವು ಸಿದ್ಧಿಸದು. ಇದನ್ನು ವಿದ್ಯಾರ್ಥಿಯ ಅಜಾಗರೂಕತೆಯೆಂದು ದಂಡಿಸುವುದಕ್ಕಿಂತ ಎರಡು ಭಾಷೆಗಳ ಪ್ರಕೃತಿಭೇದವೆಂದು ವಿವರಿಸುವುದು ಉಪಾಧ್ಯಾಯರಿಗೆ ಉಚಿತವಾದುದು.

ದೋಷಪರಿಹಾರಕ್ಕೆ ಮಾರ್ಗಗಳು ಮೂರು. ಕೃದಂತಕ್ಕೆ ಒಡೆಯನಾದವನನ್ನೇ ಪ್ರಧಾನವಾಕ್ಯದ ಕರ್ತೃವಾಗಿ ಮಾಡುವುದು ಒಂದು: ‘ವಾಕಿಂಗ್ ಟು ದಿ ಟೆಂಪಲ್, ಐ ಸಾ ಎ ಸ್ನೇಕ್’. ಕೃದಂತವನ್ನು ಬಿಟ್ಟು ಅದಕ್ಕೆ ಸ್ವಂತ ಕರ್ತೃವನ್ನೂ ಕ್ರಿಯಾಪದವನ್ನೂ ಕೊಟ್ಟು ಉಪವಾಕ್ಯವಾಗಿಸುವುದು ಎರಡನೆಯದು: ‘ಆ್ಯಸ್ ಐ ವಾಸ್ ವಾಕಿಂಗ್ ಟು ದಿ ಟೆಂಪಲ್, ಎ ಸ್ನೇಕ್ ಅಪಿಯರ್ಡ್’. ವಿಶೇಷ್ಯವು ವಾಕ್ಯದಲ್ಲಿಯೇ ಇದ್ದು ವಿಶೇಷಣವು ಅಸ್ಥಾನದಲ್ಲಿದ್ದರೆ ಅದನ್ನು ವಿಶೇಷ್ಯದ ಮಗ್ಗುಲಿಗೆ ತರುವುದು ಮೂರನೆಯದು: ‘ಹಿ ಸೋಲ್ಡ್ ಎ ಹಾರ್ಸ್ ವಿತ್ ಎ ವೈಟ್ ಟೇಲ್ ಟು ಎ ಮರ್ಚೆಂಟ್’. ಶಾಸನ, ಕರಾರು, ಮರಣಶಾಸನ ಮೊದಲಾದವುಗಳಲ್ಲಿ ಈ ಮೂರೂ ಸಾಲದೆ ಹೋದರೆ ವಿಶೇಷಣವನ್ನು ಪ್ರತಿಯೊಂದು ವಿಶೇಷ್ಯಕ್ಕೂ ಪುನಃ ಹೇಳತಕ್ಕದ್ದು. ಅಲ್ಲಿ ಪುನರುಕ್ತಿಯು ದೋಷವಲ್ಲ, ರಕ್ಷೆ.

ಒಟ್ಟಿನಲ್ಲಿ ಸಿದ್ಧವಾಗುವುದೇನೆಂದರೆ: ವಿಶೇಷಣದ ಸ್ಥಾನನಿಯಮವು ಇಂಗ್ಲಿಷ್ ಭಾಷೆಗೆ ಹುಟ್ಟಿನಿಂದ ಬಂದುದಲ್ಲ, ವಿಭಕ್ತಿಗಳನ್ನು ಕಳೆದುಕೊಂಡ ಭಾಷೆಯು ಅನ್ವಯವನ್ನು ಉಳಿಸಿಕೊಳ್ಳಲು ಶತಮಾನಗಳ ಪ್ರಯಾಸದಿಂದ ಕಟ್ಟಿಕೊಂಡ ಕಟ್ಟೆ ಅದು. ಯೋಗ್ಯತೆಯು ಸ್ಪಷ್ಟವಾಗಿರುವಲ್ಲಿ ಶಿಷ್ಟರು ಅದನ್ನು ದಾಟಿದ್ದಾರೆ. ದಾಟಿದ ಕೆಲವು ಹೆಜ್ಜೆಗಳು ದಾರಿಯೇ ಆಗಿವೆ. ಯೋಗ್ಯತೆಯು ಎರಡು ಕಡೆಗೂ ಸಮನಾಗಿರುವಲ್ಲಿ ಆ ಕಟ್ಟೆಯನ್ನು ಸಡಿಲಬಿಟ್ಟವರ ಪ್ರಮಾದಕ್ಕೆ, ಬರೆದವರು ಗತಿಸಿ ಐದೂವರೆ ಶತಮಾನಗಳಾದ ಮೇಲೆ, ಮತ್ತೊಬ್ಬನು ಪ್ರಾಣವನ್ನು ತೆರಬೇಕಾಯಿತು.